ಸೂಜಿ ಚುಚ್ಚಿದ ಮೇಲೆ

ಮಗಳೇ,

ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾ ಮುಗಿಸಿದಿ, ಸೋಮವಾರದಿಂದ ‘ಪಶು ಸಂಜೀವಿನಿ’ ಗಾಡಿ ಹತ್ತುತ್ತೀ ಎಂದು ಅಣ್ಣ ಫೋನ್ ಮಾಡಿದ್ದ. ನಮ್ಮ ಮನೆತನದಲ್ಲಿ ಈ ಕೆಲಸಕ್ಕೆ ಹೊರಟ ಹೆಣ್ಣುಮಗಳು ನೀನೇ ಮೊದಲು. ಹೆಂಡಿ ರಾಡಿಯಲ್ಲಿ ಹುಡುಗಿ ಹೆಂಗ ನಿಲ್ತಾಳ ಎಂದು ವೈನಿಗೆ ಚಿಂತೆ. ನನಗೆ ಆ ಚಿಂತೆ ಇಲ್ಲ, ರಾಡಿಗೆ ಎರಡು ದಿನದಲ್ಲಿ ಒಗ್ಗುತ್ತೀ. ಸೂಜಿ ಚುಚ್ಚುವುದನ್ನೂ ಒಂದು ತಿಂಗಳಲ್ಲಿ ಕಲಿಯುತ್ತೀ. ಚುಚ್ಚಿದ ಮೇಲೆ ಅಲ್ಲೇ ಕುಂತು ದನದ ಮುಖ ನೋಡುವುದನ್ನು ಕಲಿಯಲಿಕ್ಕೆ ನಿನ್ನ ಕಾಕಾನಾದ ನನಗೆ ಹತ್ತು ವರ್ಷ ಹಿಡಿಯಿತು. ನಿನಗೆ ಅಷ್ಟು ದಿನ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿಯಲ್ಲಿ ನೀವು ಮೂರು ಮಂದಿ: ಡಾಕ್ಟರ್ ಸಾಹೇಬರು, ನೀನು, ಡ್ರೈವರ್. 1962 ನಂಬರಿಗೆ ಯಾರೋ ಫೋನ್ ಹಚ್ಚಿರುತ್ತಾರೆ, ನೀವು ಸುಲೇಪೇಟ ದಾಟಿ ಯಾವುದೋ ತಾಂಡಾದ ದಾರಿ ಹಿಡಿದಿರುತ್ತೀರಿ. ಅಲ್ಲಿ ಮುಟ್ಟುವ ಹೊತ್ತಿಗೆ ಊರಿನ ಅರ್ಧ ಮಂದಿ ಕೊಟ್ಟಿಗೆಯಲ್ಲಿ ನೆರೆದಿರುತ್ತಾರೆ. ಒಬ್ಬ ಬಾಲ ತಿರುವುತ್ತಾನೆ, ಒಬ್ಬ ಕಿವಿಯಲ್ಲಿ ನೀರು ಬಿಡುತ್ತಾನೆ, ಇನ್ನೊಬ್ಬ ಬಾಯಿಗೆ ಔಷಧ ಹೊಯ್ಯುವ ಗೊಟ್ಟ ಹಿಡಿದು ನಿಂತಿರುತ್ತಾನೆ. ನೀನು ಮೊದಲು ಆ ಗೊಟ್ಟ ಕಸಿದುಕೋ.

ಯಾಕೆಂದು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಾರಹುಣ್ಣಿಮೆಯ ಎರಡು ದಿನ ಮುಂಚೆ, ಒಂದು ಎತ್ತು ಹೊಟ್ಟೆ ಉಬ್ಬಿ ಮಲಗಿತ್ತು. ಮನೆಯವರು ಎಣ್ಣೆ, ಬೆಲ್ಲ, ಶುಂಠಿ ಕಲಸಿ ಗೊಟ್ಟ ತುಂಬಿದ್ದರು. ಹಬ್ಬಕ್ಕೆ ಎತ್ತುಗಳಿಗೆ ಗೊಟ್ಟ ಹಾಕಿ ರೂಢಿಯಾದ ಕೈ, ಯಾರೂ ಹಿಂದೆ ಮುಂದೆ ನೋಡಲಿಲ್ಲ. ಮಲಗಿದ್ದ ಎತ್ತಿನ ಮೂಗುದಾರ ಹಿಡಿದು ಗೋಣು ಎತ್ತಿ ಹಿಡಿದವನು ನಾನೇ. ಎರಡನೇ ಗೊಟ್ಟಕ್ಕೆ ಅದು ಕೆಮ್ಮಿತು, ಮೂಗಿನ ಹೊಳ್ಳೆಯಿಂದ ಎಣ್ಣೆ ಇಳಿಯಿತು. ಉಬ್ಬರ ಏನೋ ಇಳಿಯಿತು. ಮೂರನೇ ದಿನ ಎತ್ತು ಗೋಣು ಮುಂದೆ ಚಾಚಿ ಬಾಯಿಂದ ಉಸಿರಾಡುತ್ತಿತ್ತು, ಐದನೇ ದಿನ ಹೋಯಿತು. ಎಣ್ಣೆ ಪುಪ್ಪುಸಕ್ಕೆ ಇಳಿದಿತ್ತು. ನೆಲಕ್ಕೆ ಬಿದ್ದ ದನ, ಅರೆಎಚ್ಚರದ ದನ, ನಾಲಿಗೆ ಸೋತ ದನ ನುಂಗುವುದಿಲ್ಲ. ಹೊಯ್ದದ್ದು ಗಂಟಲಿನಿಂದ ಶ್ವಾಸನಾಳಕ್ಕೆ ಹೋಗುತ್ತದೆ. ಆ ಮನೆಯವರು ನನ್ನನ್ನು ಬೈಯಲಿಲ್ಲ. ಹಬ್ಬದ ದಿನ ಹೋಳಿಗೆ ಉಣ್ಣಲು ಕರೆದರು, ನಾನು ಹೋಗಲಿಲ್ಲ.

ಇನ್ನು ಹಾಲು ಜ್ವರದ ಮಾತು. ನೀನು ಹೆಚ್ಚು ನೋಡುವ ತುರ್ತು ಕೇಸು ಇದೇ. ಕರು ಹಾಕಿ ಎರಡು ಮೂರು ದಿನದೊಳಗೆ, ಅದೂ ಮೂರನೆಯದೋ ನಾಲ್ಕನೆಯದೋ ಈದ ಹಾಲಿನ ಆಕಳು, ಕಾಲು ನಡುಗಿ ಕುಸಿಯುತ್ತದೆ. ಹೆಸರು ಜ್ವರ, ಮೈ ಮಾತ್ರ ತಣ್ಣಗೆ. ಕಿವಿ ಮುಟ್ಟಿದರೆ ಬೆಳಗಿನ ಜಾವದ ಕಲ್ಲು ಮುಟ್ಟಿದ ಹಾಗೆ. ಗೋಣನ್ನು ಪಕ್ಕೆಗೆ ತಿರುಗಿಸಿ ಇಟ್ಟಿರುತ್ತದೆ, ಮೂಗಿನ ತುದಿ ಒಣಗಿರುತ್ತದೆ. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಹೋದದ್ದರಿಂದ ಸ್ನಾಯು ಸೋತಿವೆ. ಸಾಹೇಬರು ಗೋಣಿನ ನರಕ್ಕೆ ಸೂಜಿ ಹಾಕಿ ಬಾಟ್ಲಿ ನಿನ್ನ ಕೈಗೆ ಕೊಡುತ್ತಾರೆ. ಇಲ್ಲಿಂದ ಮುಂದಿನದು ನಿನ್ನ ಕೆಲಸ.

ಚಳಿಗಾಲವಾದರೆ ಬಾಟ್ಲಿಯನ್ನು ಬಿಸಿನೀರಿನ ಬಕೀಟಿನಲ್ಲಿ ಇಟ್ಟು ಮೈಬಿಸಿಗೆ ತಂದಿರಬೇಕು. ಬಾಟ್ಲಿ ಎತ್ತರಕ್ಕೆ ಹೋದಷ್ಟೂ ಔಷಧ ಜೋರಾಗಿ ಇಳಿಯುತ್ತದೆ, ಆದ್ದರಿಂದ ಯಾರೋ ಉದ್ದನೆಯ ಹುಡುಗನ ಕೈಗೆ ಕೊಟ್ಟು ಮೊಬೈಲ್ ನೋಡುತ್ತ ನಿಲ್ಲಬೇಡ. ಕ್ಯಾಲ್ಸಿಯಂ ಅವಸರದಲ್ಲಿ ಹೋದರೆ ಹೃದಯ ನಿಲ್ಲಿಸುತ್ತದೆ. ಹತ್ತು ಹದಿನೈದು ನಿಮಿಷ ಹಿಡಿಯಲಿ. ಒಂದು ಕೈ ಬಾಟ್ಲಿಗೆ ಇದ್ದರೆ ಇನ್ನೊಂದು ಆಕಳ ಎಡ ಮೊಣಕೈ ಹಿಂದಿನ ಎದೆಯ ಮೇಲೆ ಇರಲಿ. ಬಡಿತ ತಪ್ಪಿತೋ, ತೀರಾ ನಿಧಾನವಾಯಿತೋ, ಮೊದಲು ನಳಿಗೆ ಮಡಚು, ಆಮೇಲೆ ಸಾಹೇಬರನ್ನು ಕೂಗು. ಕೂಗಿ ಅಪ್ಪಣೆಗೆ ಕಾಯುತ್ತ ಕುಂತರೆ ಅಷ್ಟರಲ್ಲಿ ಹೋಗಬೇಕಾದದ್ದು ಹೋಗಿರುತ್ತದೆ. ಸೂಜಿಯ ಸುತ್ತ ಗೋಣು ಉಬ್ಬಿದರೂ ನಿಲ್ಲಿಸು, ನರ ಬಿಟ್ಟು ಹೊರಗೆ ಹೋಗುತ್ತಿದೆ ಎಂದು ಅರ್ಥ.

ಅರ್ಧ ಬಾಟ್ಲಿ ಹೋದ ಮೇಲೆ ಆಕಳ ಮೂಗಿನ ತುದಿ ನೋಡು. ಒಣಗಿ ಬಿರಿದಂತಿದ್ದ ಕಪ್ಪು ಚರ್ಮದ ಮೇಲೆ ಸಾಸಿವೆಕಾಳಿನಷ್ಟು ಒಂದು ಹನಿ, ಆಮೇಲೆ ಅದರ ಪಕ್ಕ ಇನ್ನೊಂದು. ತೊಡೆಯ ಸ್ನಾಯು ಸಣ್ಣಗೆ ನಡುಗುತ್ತದೆ, ಡೇಕರಿಕೆ ಬರುತ್ತದೆ, ಎಷ್ಟೋ ಹೊತ್ತಿನಿಂದ ನಿಂತಿದ್ದ ಹೆಂಡಿ ಬೀಳುತ್ತದೆ. ಮನೆಯ ಹೆಣ್ಣುಮಗಳು ಆ ಹೆಂಡಿ ನೋಡಿ ಕೈಮುಗಿಯುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಕೈಮುಗಿಯುವ ಆ ಗಳಿಗೆಯಲ್ಲೇ ಎಚ್ಚರ ಬೇಕು. ನಮ್ಮ ಕಡೆಯ ಕೊಟ್ಟಿಗೆಗೆ ಏನು ಹಾಸಿರುತ್ತಾರೆ? ಶಹಾಬಾದದ ಪರ್ಸಿ ಕಲ್ಲು. ತೊಳೆಯಲು ಅನುಕೂಲ, ಅಗ್ಗ, ನಾಲ್ಕು ಹೆಜ್ಜೆಗೆ ಸಿಗುತ್ತದೆ. ಆದರೆ ಹೆಂಡಿ, ಉಚ್ಚೆ ಬಿದ್ದ ಪರ್ಸಿ ಎಂದರೆ ಎಣ್ಣೆ ಸವರಿದ ಹೆಂಚು. ಜೀವ ಬಂದ ಆಕಳು ಏಳಲು ಹವಣಿಸುತ್ತದೆ, ಹಿಂದಿನ ಎರಡು ಕಾಲು ಎರಡು ದಿಕ್ಕಿಗೆ ಜಾರುತ್ತವೆ, ತೊಡೆಯ ಒಳಗಿನ ಸ್ನಾಯು ಹರಿಯುತ್ತದೆ. ಹಾಲು ಜ್ವರ ವಾಸಿಯಾಗಿ, ಆಕಳು ಮಾತ್ರ ಮತ್ತೆ ಏಳದೆ ಹೋದ ಕೇಸು ನಾನು ನೋಡಿದ್ದೇನೆ. ಅದಕ್ಕೇ ಬಾಟ್ಲಿ ಹಚ್ಚುವ ಮೊದಲೇ ಮನೆಯವರಿಗೆ ಮಣ್ಣು, ಮರಳು, ಹಳೆ ಗೋಣಿತಟ್ಟು ತರಲು ಹೇಳು. ಗೋದಲಿಯ ಕಡೆಯಿಂದ ಹಿಂಗಾಲಿನವರೆಗೆ ದಪ್ಪಗೆ ಹಾಸಿಸು. ಹಿಂದಿನ ಎರಡೂ ಕಾಲಿಗೆ, ನಡುವೆ ಒಂದು ಮೊಳ ಸಡಿಲ ಬಿಟ್ಟು, ಮೆತ್ತನೆ ಹಗ್ಗ ಕಟ್ಟಿಸು. ನಿನ್ನ ಪಠ್ಯದಲ್ಲಿ ಪರ್ಸಿಯ ಮಾತು ಇರಲಿಕ್ಕಿಲ್ಲ, ಅದನ್ನು ಬರೆದವರು ಸೇಡಂ ಚಿತ್ತಾಪುರದ ಕಡೆ ಬಂದಿರಲಿಕ್ಕಿಲ್ಲ.

ಏಳದ ದನದ ಆರೈಕೆ ಇನ್ನೂ ದೊಡ್ಡದು. ನಾಲ್ಕೈದು ಕ್ವಿಂಟಲ್ ಭಾರ ಒಂದೇ ತೊಡೆಯ ಮೇಲೆ ಆರೇಳು ತಾಸು ಬಿದ್ದರೆ ಅಡಿಯ ಸ್ನಾಯುವಿಗೆ ರಕ್ತ ಓಡುವುದಿಲ್ಲ. ಮೂರು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಎದೆಯ ಮೇಲೆ ಕೂತಂತೆ ಇಡು, ಪಕ್ಕೆಗೆ ಹೊರಳದ ಹಾಗೆ ಎರಡೂ ಕಡೆ ತೊಗರಿ ಹೊಟ್ಟು ತುಂಬಿದ ಚೀಲ ಒತ್ತು ಕೊಡು. ಪೂರ್ತಿ ಅಡ್ಡ ಬಿದ್ದರೆ ಹೊಟ್ಟೆಯ ಗಾಳಿ ಹೊರಬರದೆ ಉಬ್ಬುತ್ತದೆ. ಗಾಡಿ ಮುಂದಿನ ಊರಿಗೆ ಹೋಗಬೇಕು, ನೀನು ರಾತ್ರಿ ಅಲ್ಲಿ ಇರಲಾರೆ. ಆದ್ದರಿಂದ ಹೊರಡುವ ಮುಂಚೆ ಒಬ್ಬರಿಗೆ ಕಲಿಸು. ಸಾಲಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ ಒಳ್ಳೆಯದು. ಗೋಡೆಯ ಮೇಲೆ ಇದ್ದಿಲಿನಿಂದ ತಾಸು ಬರೆದು, ಮಗ್ಗುಲು ಬದಲಿಸಿದಾಗೊಮ್ಮೆ ಗೆರೆ ಎಳೆಯಲು ಹೇಳು. ಮರುದಿನ ಹೋದಾಗ ಮನೆಯವರ ಬಾಯಿ ಏನೇ ಹೇಳಲಿ, ನೀನು ಗೋಡೆ ನೋಡು.

ಎಣಿಸುವ ಮಾತು ಬಂತು. ಸಾಹೇಬರು ರೋಗ ಹುಡುಕುತ್ತಾರೆ, ನೀನು ಎಣಿಸು. ಆಕಳ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಆಡು ಕುರಿಗೆ ಒಂದು ಡಿಗ್ರಿ ಹೆಚ್ಚು. ನಾಡಿ ಬಾಲದ ಬುಡದ ಅಡಿಯಲ್ಲಿ ಸಿಗುತ್ತದೆ, ನಿಮಿಷಕ್ಕೆ ಅರವತ್ತು ಎಪ್ಪತ್ತು. ಎಡ ಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿ, ಎರಡು ನಿಮಿಷಕ್ಕೆ ಎರಡು ಮೂರು ಸಲ ಹೊಟ್ಟೆ ಹೊರಳಬೇಕು. ವಸಡು ಒತ್ತಿ ಬಿಟ್ಟರೆ ಬಿಳುಪು ಎರಡು ಸೆಕೆಂಡಿನಲ್ಲಿ ಹೋಗಿ ಕೆಂಪು ಮರಳಬೇಕು. ಅರ್ಧ ತಾಸಿಗೊಮ್ಮೆ ಹೊತ್ತು ಹಾಕಿ ಬರಿ. ಒಂದು ಸಲದ ಲೆಕ್ಕ ಏನೂ ಹೇಳುವುದಿಲ್ಲ. ನಾಲ್ಕು ಸಲದ್ದು ಒಂದರ ಕೆಳಗೊಂದು ಬಂದಾಗ ದನ ಯಾವ ಕಡೆ ನಡೆದಿದೆ ಎಂದು ಕಾಣುತ್ತದೆ. ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಗೆ ಚಿಮಟಾ ಹಾಕಿ ಬಾಲದ ಕೂದಲಿಗೆ ಸಿಗಿಸು. ಇಲ್ಲದಿದ್ದರೆ ಒಂದು ದಿನ ಅದು ಒಳಗೇ ಹೋಗುತ್ತದೆ, ಆಮೇಲೆ ಮೊಣಕೈವರೆಗೆ ಕೈಗವಸು ಹಾಕಿಕೊಂಡು ಹುಡುಕುವ ಭಾಗ್ಯ ನಿನ್ನದೇ.

ಎಳೆ ಜೋಳದ ವಿಷ ನಮ್ಮ ಸೀಮೆಯದೇ ಕಾಟ. ಮೊದಲ ಮಳೆ ಬಿದ್ದು ಬಿಟ್ಟುಹೋದರೆ ಮೊಳಕಾಲುದ್ದ ಬಂದು ಬಾಡಿದ ಜೋಳ, ಕೊಯ್ದ ಮೇಲೆ ಬುಡದಿಂದ ಚಿಗುರಿದ ಕೂಳೆ, ಇವುಗಳಲ್ಲಿ ಸಯನೈಡ್ ಹುಟ್ಟುವ ಅಂಶ ಹೆಚ್ಚು. ಹಸಿದ ದನ ನುಗ್ಗಿ ನಾಲ್ಕು ಬಾಯಿ ತಿಂದರೆ ನಿಮಿಷಗಳ ಲೆಕ್ಕ. ಕಣ್ಣಿನ ಒಳಚರ್ಮ ಕುಂಕುಮದಂತೆ ಕೆಂಪಗಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇದೆ, ಮೈ ಅದನ್ನು ಬಳಸಲಾರದು. ಸೋಡಿಯಂ ಥಯೋಸಲ್ಫೇಟ್ ಎಲ್ಲಿದೆ, ಎಷ್ಟಿದೆ ಎಂದು ಮೃಗಶಿರ ಮಳೆಗೆ ಮುಂಚೆಯೇ ಪೆಟ್ಟಿಗೆ ತೆರೆದು ನೋಡಿಕೋ. ಸಾಹೇಬರು ನರ ಹುಡುಕುವಾಗ ಹೊಲದಲ್ಲಿ ಉಳಿದ ದನಗಳನ್ನು ಯಾರು ಹೊರಗೆ ಹೊಡೆದರು ಎಂದು ಕೇಳುವುದು ನಿನ್ನ ಪಾಲು. ಹೆಚ್ಚಿನ ಸಲ ಯಾರೂ ಹೊಡೆದಿರುವುದಿಲ್ಲ, ಎಲ್ಲರೂ ಬಿದ್ದದ್ದನ್ನು ನೋಡುತ್ತ ನಿಂತಿರುತ್ತಾರೆ.

ತೊಗರಿಗೆ ಹುಳದ ಔಷಧ ಹೊಡೆಯುವ ದಿನಗಳಲ್ಲಿ ಇನ್ನೊಂದು ಬಗೆಯ ಕೇಸು ಬರುತ್ತದೆ. ಔಷಧ ಕಲಸಿದ ಬಕೀಟಿನಲ್ಲೇ ನೀರು ಕುಡಿಸಿರುತ್ತಾರೆ. ಜೊಲ್ಲು ಹಗ್ಗದಂತೆ ಇಳಿಯುತ್ತದೆ, ಕಣ್ಣಪಾಪೆ ಚುಕ್ಕಿಯಾಗಿರುತ್ತದೆ. ಅಟ್ರೋಪಿನ್ ಕೊಟ್ಟ ಮೇಲೆ ಜೊಲ್ಲು ನಿಂತಿತೇ, ಪಾಪೆ ಅರಳಿತೇ ಎಂದು ನೋಡುತ್ತ ಕೂಡಬೇಕು. ಹೆಚ್ಚಾದರೆ ಹೊಟ್ಟೆಯ ಹೊರಳಾಟವೇ ನಿಂತು ಉಬ್ಬುತ್ತದೆ. ಮೈಮೇಲೆ ಚೆಲ್ಲಿದ್ದರೆ ಸಾಬೂನು ಹಾಕಿ ತೊಳೆ, ಕೈಗವಸು ಇಲ್ಲದೆ ಮುಟ್ಟಬೇಡ. ಆ ವಿಷಕ್ಕೆ ನಿನ್ನ ಚರ್ಮವೂ ಒಂದೇ, ದನದ ಚರ್ಮವೂ ಒಂದೇ.

ಅದಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಇನ್ನೊಂದು ಮಾತಿದೆ. “ಗಂಟಲದಾಗ ಏನೋ ಸಿಕ್ಕೊಂಡದರಿ, ನೀರು ಕುಡಿವಲ್ದು, ಒದರಾಕತ್ತದ” ಎಂದು ಫೋನ್ ಬರುತ್ತದೆ. ಹೋಗಿ ನೋಡಿದರೆ ದನಿ ಒಡೆದಿರುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತಿರುತ್ತದೆ. ಮನೆಯವರಲ್ಲಿ ಒಬ್ಬ ಆಗಲೇ ಬಾಯಿಗೆ ಕೈ ಹಾಕಿ ನೋಡಿರುತ್ತಾನೆ. ನೀನು ಹಾಕಬೇಡ. ಹಿಂದಿನ ತಿಂಗಳುಗಳಲ್ಲಿ ನಾಯಿ ಕಚ್ಚಿತ್ತೇ ಎಂದು ಮೊದಲು ಕೇಳು. ಹುಚ್ಚುನಾಯಿ ರೋಗ ಹೊರಬಿದ್ದ ದನಕ್ಕೂ ಮನುಷ್ಯನಿಗೂ ಮದ್ದಿಲ್ಲ, ಮುಂಚಿತ ಲಸಿಕೆಯೊಂದೇ ದಾರಿ. ಕೈ ಹಾಕಿದವನನ್ನು ಅಲ್ಲೇ ನಳದ ಕೆಳಗೆ ನಿಲ್ಲಿಸಿ ಸಾಬೂನಿನಿಂದ ಹದಿನೈದು ನಿಮಿಷ ತೊಳೆಸು. ಅಂದೇ ಸರ್ಕಾರಿ ದವಾಖಾನೆಗೆ ಕಳಿಸು, ನಾಳೆ ಎನ್ನಲು ಬಿಡಬೇಡ. ನೀನಂತೂ ಈ ಸೋಮವಾರದೊಳಗೆ ಮುಂಜಾಗ್ರತೆಯ ಲಸಿಕೆ ಶುರು ಮಾಡಿಕೋ. ವೈನಿಗೆ ನಿಜವಾಗಿ ಚಿಂತೆ ಮಾಡಬೇಕೆಂದಿದ್ದರೆ ಇದರ ಚಿಂತೆ ಮಾಡಲಿ. ಗಬ್ಬ ಹೋದ ಆಕಳ ಕಂದು, ಮಾಸು ಮುಟ್ಟುವಾಗಲೂ ಬರಿಗೈ ಬೇಡ. ಗಬ್ಬ ಕೆಡಿಸುವ ರೋಗ ನಿನಗೆ ಅಂಟಿದರೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ.

ನಾಯಿಗಳ ಕೇಸು ವಾಡಿ, ಶಹಾಬಾದದ ಕಾಲೊನಿಗಳ ಕಡೆ ಹೆಚ್ಚು. ನನಗೆ ಅದರ ಅನುಭವ ಕಡಿಮೆ. ಉಸಿರು ನಿಂತ ನಾಯಿಗೆ ಎದೆ ಒತ್ತುವ ಕ್ರಮಕ್ಕೆ 2012ರಲ್ಲಿ ‘ರಿಕವರ್’ ಎಂಬ ಮಾರ್ಗಸೂಚಿ ಬಂತು, 2024ರಲ್ಲಿ ತಿದ್ದಿದರು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಒತ್ತು, ಎರಡು ನಿಮಿಷಕ್ಕೊಮ್ಮೆ ಕೈ ಬದಲು. ಚೀಲದ ಮೇಲೆ ಅಭ್ಯಾಸ ಮಾಡು, ಡ್ರೈವರಿಗೂ ಕಲಿಸು. ಬದಲಿ ಕೈ ಅವನದೇ ಅಲ್ಲವೇ.

ಇನ್ನು ನಿನ್ನ ಹುದ್ದೆಯ ಮಾತು. ಬ್ರಿಟನ್ನಿನಲ್ಲಿ 1961ರಲ್ಲೇ ಪ್ರಾಣಿಗಳ ನರ್ಸಿಂಗಿಗೆ ನೋಂದಣಿ ಬಂತು. ನಮ್ಮ ದವಾಖಾನೆಗಳಲ್ಲಿ ನರ್ಸ್ ಎಂಬ ಹುದ್ದೆಯೇ ಇಲ್ಲ, ಕೆಲಸ ಮಾತ್ರ ಇದೆ. 1984ರ ಪಶುವೈದ್ಯ ಪರಿಷತ್ತಿನ ಕಾಯ್ದೆ ನಿನ್ನಂಥವರಿಗೆ ಬಿಟ್ಟಿರುವುದು ಸಣ್ಣಪುಟ್ಟ ಸೇವೆ, ಅದೂ ನೋಂದಾಯಿತ ವೈದ್ಯರ ಉಸ್ತುವಾರಿಯಲ್ಲಿ. ಊರವರು ನಿನ್ನನ್ನೂ “ಡಾಕ್ಟರ್ ಬಾಯಿ” ಎನ್ನುತ್ತಾರೆ, ಸಂಜೆ ಮನೆಗೆ ಬಂದು ಒಂದು ಸೂಜಿ ಹಾಕಿ ಹೋಗು ಎನ್ನುತ್ತಾರೆ, ಐನೂರರ ನೋಟು ತೋರಿಸುತ್ತಾರೆ. ಕೇಳಲು ಹಿತವಾಗಿರುತ್ತದೆ. ಹೋಗಬೇಡ. ಹಾಗೆಯೇ “ಉಳೀತದೇನ್ರಿ ಬಾಯಿ?” ಎಂದು ಕೇಳಿದಾಗ ಹೌದು ಎನ್ನಬೇಡ, ಇಲ್ಲ ಎಂದೂ ಅನ್ನಬೇಡ. ಈಗ ಮೈಬಿಸಿ ಇಷ್ಟಿದೆ, ಮುಂಜಾನೆ ಇಷ್ಟಿತ್ತು ಎಂದು ಹೇಳು. ಒಕ್ಕಲುತನದ ಮಂದಿಗೆ ಲೆಕ್ಕ ತಿಳಿಯುತ್ತದೆ.

ಅಣ್ಣನ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಅದರಲ್ಲಿ ದಾರ ಕಟ್ಟಿದ ಎರಡು ಥರ್ಮಾಮೀಟರ್, ಎರಡು ನೋಟ್‌ಬುಕ್, ಮೆತ್ತನೆ ನೂಲಿನ ಹಗ್ಗ ಇವೆ. ಒಳಜೇಬಿನಲ್ಲಿ ನನ್ನ ಕೈಗಡಿಯಾರ. ಸೆಕೆಂಡಿನ ಮುಳ್ಳು ಇನ್ನೂ ಸರಿಯಾಗಿ ಓಡುತ್ತದೆ, ಪಟ್ಟಿ ಮಾತ್ರ ಸೇಡಂನಲ್ಲಿ ಬದಲಿಸಿಕೋ. ಚರ್ಮದ್ದು ಬೇಡ, ಹೆಂಡಿ ನೀರಿಗೆ ಕೊಳೆಯುತ್ತದೆ.

ನಿನ್ನ ಕಾಕಾ,
ಸುಲೇಪೇಟ