'ಶುಗರಿಗೆ ಒಳ್ಳೇದು' ಅಂದವರ ಮಾತು

ಎಚ್‌ಬಿಎ1ಸಿ 7.8 ಬಂದಿದೆ ಅಂತ ಯಾಕೆ ಅಷ್ಟು ಕುಗ್ಗಿದ್ದೀಯ, ಮಗಾ? ಅದು ರಕ್ತದಲ್ಲಿನ ಸಕ್ಕರೆಯ ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಹತೋಟಿಗೆ ತರಬಹುದು. ನನಗೆ ಭಯ ಇರೋದು ನಂಟರದ್ದು. ಇನ್ನು ನಿಮ್ಮ ಮನೆಗೆ ಬರುವವರೆಲ್ಲ ಡಾಕ್ಟರೇ! 'ಇದು ಶುಗರಿಗೆ ಒಳ್ಳೇದು, ತಿನ್ನು' ಅಂತ ಯಾರಾದರೂ ಅಂದರೆ, 'ಎಷ್ಟು?' ಅಂತ ಕೇಳು.

ಮುದ್ದೆಯನ್ನೇ ನೋಡು. ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ ಮೂರರಲ್ಲಿ ಎರಡು ಪಾಲು ಅದೂ ಪಿಷ್ಟವೇ. ಅನ್ನ ಬಿಟ್ಟೆ ಅಂತ ಎರಡೆರಡು ದಪ್ಪ ಮುದ್ದೆ ನುಂಗಿದರೆ ಬಂದ ಭಾಗ್ಯವೇನು? ಸಣ್ಣದೊಂದು ಮುದ್ದೆ ಸಾಕು. ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಅದರ ಎರಡರಷ್ಟಿರಲಿ. ಅದೇ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಲೋಟಗಟ್ಟಲೆ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ. ಹಾಗಲಕಾಯಿ ರಸ ನಂಬಿ ಮಾತ್ರೆ ಮಾತ್ರ ಬಿಡಬೇಡ.

ಮದುವೆ ಊಟಕ್ಕೆ ಹೋಗಬೇಡ ಅನ್ನೋದಿಲ್ಲ. ಎಲೆಗೆ ಮೊದಲು ಬೀಳೋದೇ ಕೋಸಂಬರಿ, ಪಲ್ಯ. ಅನ್ನದವರು ಬರುವಷ್ಟರಲ್ಲಿ ಅವನ್ನು ಮುಗಿಸು, ಇನ್ನೊಮ್ಮೆ ಹಾಕಿಸಿಕೋ. ತರಕಾರಿ, ಬೇಳೆ ಮೊದಲು ಹೊಟ್ಟೆಗೆ ಬಿದ್ದರೆ ಆಮೇಲಿನ ಅನ್ನ ಸಕ್ಕರೆಯನ್ನು ಅಷ್ಟು ಜೋರಾಗಿ ಏರಿಸುವುದಿಲ್ಲ. ಹೋಳಿಗೆ ಬೇಕೇಬೇಕು ಅನಿಸಿದರೆ ಅರ್ಧ ತಿನ್ನು, ಅವತ್ತು ಅನ್ನ ಕಮ್ಮಿ ಮಾಡು. ಪಾಯಸದ ಸೌಟು ಬಂದಾಗ ಕೈ ಅಡ್ಡ ಹಿಡಿ. 'ಒಂದಿನಕ್ಕೇನಾಗುತ್ತೆ' ಅನ್ನುವವರು ಪ್ರತಿ ಮದುವೆಯಲ್ಲೂ ಇರುತ್ತಾರೆ, ನಕ್ಕು ಸುಮ್ಮನಾಗು. ಉಂಡ ಮೇಲೆ ಕಾಲು ಗಂಟೆ ಓಡಾಡು.

ಹಾಗಂತ ಉಪವಾಸ ಬೀಳಬೇಡ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ತಿಂಡಿ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಶುರುವಾಗಬಹುದು. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಬೇಕು. ನಿನ್ನ ಮಾತ್ರೆ ಆ ಜಾತಿಯದ್ದೋ ಅಂತ ಡಾಕ್ಟರನ್ನೇ ಕೇಳಿಕೋ.

ಕೊನೆಗೊಂದು ಮಾತು. ನಿನಗೆ ಅಂತ ಬೇರೆ ಅಡುಗೆ ಮಾಡಿಸಿ ಅಮ್ಮನನ್ನು ದಣಿಸಬೇಡ, ಈ ಊಟ ಮನೆಯವರಿಗೆಲ್ಲ ಆಗುತ್ತದೆ. ನಮ್ಮ ವಂಶದಲ್ಲಿ ಈ ಕಾಯಿಲೆ ಇದೆ. ತಂಗಿಯನ್ನೂ ಕರೆದುಕೊಂಡು ಹೋಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸು.