ಪಂಜರದ ಗಿಳಿಯೂ ಬೇಸಗೆಯ ಉಷ್ಣವೂ

ಸಕಲೇಶಪುರದ ಬೆಟ್ಟಸೀಮೆಯ ಹೊಂಗಡಹಳ್ಳದಂತಹ ಊರುಗಳಲ್ಲಿ ಮುಂಜಾನೆ ಮತ್ತು ಸಂಜೆ ಗಿಳಿಗಳ ಕೂಗು ಕಿವಿಗೆ ಬೀಳುವುದು ವಾಡಿಕೆ. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಾಣಸಿಗುವ ನೀಲಿ ರೆಕ್ಕೆಯ ಗಿಳಿಯೂ ಈ ಸೀಮೆಯ ಕಾಡು, ಕಾಫಿ ತೋಟಗಳ ನಿವಾಸಿಯೇ. ಆದರೆ ಬೇಸಗೆಯ ನಡುಹಗಲಿನಲ್ಲಿ ಈ ಹಕ್ಕಿಗಳು ಸದ್ದಡಗಿಸಿ ದಟ್ಟವಾದ ಎಲೆಗಳ ಮರೆಯನ್ನು ಸೇರುತ್ತವೆ. ಬಿಸಿಲು ಸರಿದು ಬಂದರೆ ಮತ್ತೊಂದು ಕೊಂಬೆಗೆ ಹಾರುತ್ತವೆ. ಪಂಜರದೊಳಗಿನ ಹಕ್ಕಿಗೆ ಈ ಅನುಕೂಲವಿಲ್ಲ. ಅದರ ಬೇಸಗೆಯ ಕಷ್ಟಗಳಿಗೆಲ್ಲ ಮೂಲ ಇದೇ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ನಾಡಿನ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದುದರಿಂದ ಈ ಲೇಖನವು ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂಬ ಹೆಸರಿನಿಂದ ಮಾರಾಟವಾಗುವ ಬಡ್ಜರಿಗಾರ್ ಎಂಬ ಪುಟ್ಟ ಗಿಳಿಯನ್ನು ಕುರಿತದ್ದು. ಇದರ ತವರು ಆಸ್ಟ್ರೇಲಿಯದ ಒಣ ಒಳನಾಡು. ಪಕ್ಷಿವಿಜ್ಞಾನಿ ಜಾನ್ ಗೌಲ್ಡ್ 1840ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಬಳಿಕ ಇದು ಲೋಕದ ಮನೆಮನೆಗಳಿಗೆ ಹರಡಿತು. ಒಣನಾಡಿನ ಹಕ್ಕಿಗೆ ಸೆಕೆಯ ಭಯವೇನು ಎಂದು ಕೆಲವರು ಕೇಳಬಹುದು. 1932ರ ಜನವರಿಯ ಘೋರ ಸೆಕೆಯಲ್ಲಿ ಅದರ ತವರಿನಲ್ಲಿಯೇ ಅಸಂಖ್ಯಾತ ಬಡ್ಜರಿಗಾರ್‌ಗಳು ಸತ್ತುಬಿದ್ದವು. ಸಹನೆಗೂ ಒಂದು ಮಿತಿಯುಂಟು.

ಉಷ್ಣ ಹೊರಹೋಗುವ ದಾರಿಗಳು

ಗಿಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮನುಷ್ಯನದು 37. ಆಹಾರವು ದೇಹದಲ್ಲಿ ದಹಿಸಿದಂತೆಲ್ಲ ಉಷ್ಣ ಹುಟ್ಟುತ್ತಲೇ ಇರುತ್ತದೆ. ಅಷ್ಟೇ ಉಷ್ಣ ಹೊರಹೋಗಬೇಕು. ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳನ್ನು ವಿದ್ಯಾರ್ಥಿಗಳು ಬಲ್ಲರು. ಗರಿಗಳಿಲ್ಲದ ಕಾಲುಗಳೂ ಕೊಕ್ಕೂ ಈ ಕೆಲಸಕ್ಕೆ ನೆರವಾಗುತ್ತವೆ. ಆದರೆ ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದಾಗ ಈ ದಾರಿಗಳು ಮುಚ್ಚಿಹೋಗುತ್ತವೆ. ಗಾಳಿ ಇನ್ನೂ ಬಿಸಿಯಾದರೆ ಉಷ್ಣವು ಒಳಕ್ಕೇ ಹರಿಯತೊಡಗುತ್ತದೆ. ಆಗ ಉಳಿಯುವುದು ಆವೀಕರಣವೊಂದೇ.

ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಅವು ಕೊಕ್ಕು ತೆರೆದು ಏದುಸಿರು ಬಿಡುತ್ತ, ಬಾಯಿ ಮತ್ತು ಶ್ವಾಸಮಾರ್ಗಗಳ ತೇವವನ್ನು ಆವಿಯಾಗಿಸಿ ಮೈಯನ್ನು ತಂಪುಮಾಡಿಕೊಳ್ಳುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಉಷ್ಣ ಬೇಕು. 35 ಗ್ರಾಂ ತೂಕದ ಬಡ್ಜರಿಗಾರ್‌ನ ಮೈಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 120 ಜೂಲ್ ಸಾಕು. ಅಂದರೆ ಒಂದು ಗ್ರಾಂ ನೀರು ಹೊತ್ತೊಯ್ಯುವ ಉಷ್ಣವು ಆ ಹಕ್ಕಿಯೊಳಗೇ ಉಳಿದಿದ್ದರೆ ಅದರ ಉಷ್ಣತೆ 20 ಡಿಗ್ರಿಯಷ್ಟು ಏರಬಹುದಾಗಿತ್ತು! ಬಟ್ಟಲಿನ ನೀರು ಬತ್ತಿದರೆ ಗಂಡಾಂತರ ಎಷ್ಟು ಬೇಗ ಬಂದೀತೆಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು.

ಒಂದು ಸರಳ ಪ್ರಯೋಗ

ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆವೀಕರಣ ನಿಧಾನವಾಗುತ್ತದೆ. ಇದನ್ನು ಮನೆಯಲ್ಲಿಯೇ ಅಳೆಯಬಹುದು. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ಪಂಜರದ ಹೊರಗೆ, ಹಕ್ಕಿಯ ಕೊಕ್ಕಿಗೆ ನಿಲುಕದಂತೆ ತೂಗುಹಾಕಿರಿ. ಒಂದರ ಬುರುಡೆಗೆ ಒದ್ದೆಯ ತೆಳುಬಟ್ಟೆಯನ್ನು ಸುತ್ತಿ, ಬೀಸಣಿಗೆಯಿಂದ ಎರಡಕ್ಕೂ ಗಾಳಿ ಹಾಕಿರಿ. ಕೆಲವು ನಿಮಿಷಗಳಲ್ಲಿ ಒದ್ದೆಯ ಮಾಪಕವು ಕಡಿಮೆ ಉಷ್ಣತೆಯನ್ನು ತೋರಿಸುತ್ತದೆ. ಅಂತರ ಹೆಚ್ಚಾಗಿದ್ದರೆ ಗಾಳಿ ಒಣಗಿದೆ, ಏದುಸಿರಿನಿಂದ ಹಕ್ಕಿಗೆ ತಂಪು ದೊರೆಯುತ್ತದೆ ಎಂದು ತಿಳಿಯಬೇಕು. ಅಂತರ ಅತ್ಯಲ್ಪವಾಗಿದ್ದರೆ ಹಕ್ಕಿ ಏದುಸಿರು ಬಿಟ್ಟರೂ ಫಲ ಕಡಿಮೆ. ಒಣ ಸೆಕೆಯ ಕಲಬುರಗಿ, ರಾಯಚೂರುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದುಂಟು. ಅಲ್ಲಿ ಕಾಡುವುದು ಬಿಸಿಗಾಳಿ. ಮಲೆನಾಡಿನಲ್ಲಿ ಉಷ್ಣತೆ ಅಷ್ಟು ಏರದಿದ್ದರೂ, ಮಳೆಗೆ ಮುನ್ನಿನ ಮೋಡ ಕವಿದ ದಿನಗಳಲ್ಲಿ ತೇವದಿಂದ ತೊಡಕುಂಟು.

ಪಂಜರದ ಏರ್ಪಾಡು

ಪಂಜರವನ್ನು ತಗಡಿನ ಛಾವಣಿಯ ಕೆಳಗೆ ತೂಗುಹಾಕಬಾರದು. ಕಾದ ತಗಡು, ನೆರಳಿನಲ್ಲಿರುವ ಹಕ್ಕಿಯ ಮೇಲೂ ಉಷ್ಣವನ್ನು ವಿಕಿರಣದಿಂದ ಸುರಿಸುತ್ತದೆ. ಗಾಜಿನ ಕಿಟಕಿಯ ಬಳಿಯೂ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಹಕ್ಕಿಯನ್ನು ಇರಿಸಬಾರದು. ಗಾಳಿಯಾಡುವ ಪಡಸಾಲೆ ಲೇಸು. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರಬಹುದು. ಆದುದರಿಂದ ಹಗಲಿನಲ್ಲಿ ಮೂರು ಬಾರಿಯಾದರೂ ನೋಡಬೇಕು. ಪಂಜರದ ಒಂದು ಮಗ್ಗುಲಿಗೆ ಮಾತ್ರ ಬಟ್ಟೆಯ ಮರೆ ಕಟ್ಟಿ, ಉಳಿದುದನ್ನು ತೆರೆದಿಟ್ಟರೆ ಹಕ್ಕಿಯೇ ತನಗೊಪ್ಪುವ ಎಡೆಯನ್ನು ಆರಿಸಿಕೊಳ್ಳುತ್ತದೆ. ಎರಡು ಬಟ್ಟಲುಗಳಲ್ಲಿ ನೀರಿಟ್ಟರೆ, ಒಂದು ಉರುಳಿದರೂ ಇನ್ನೊಂದು ಇರುತ್ತದೆ. ಸ್ನಾನಕ್ಕೆ ಅಗಲವಾದ ತಟ್ಟೆಯಲ್ಲಿ ನೀರಿಡಬಹುದು. ಫ್ಯಾನು ಕೋಣೆಯ ಗಾಳಿಯನ್ನು ಆಡಿಸಲಿ. ಹಕ್ಕಿಗೇ ನೇರವಾಗಿ ಬೀಸುವುದು ಬೇಡ.

ಅಪಾಯದ ಗುರುತುಗಳು

ಕೊಕ್ಕು ತೆರೆದೇ ಇರುವುದು, ರೆಕ್ಕೆಗಳನ್ನು ಮೈಯಿಂದ ದೂರ ಚಾಚುವುದು ಮೊದಲ ಸೂಚನೆಗಳು. ತೂರಾಡುವುದು, ಪಂಜರದ ತಳಕ್ಕೆ ಬೀಳುವುದು ಪ್ರಾಣಾಪಾಯದ ಗುರುತುಗಳು. ಕೂಡಲೇ ತಂಪಾದ ಎಡೆಗೆ ಒಯ್ದು, ಕಾಲುಗಳನ್ನೂ ರೆಕ್ಕೆಗಳ ಕೆಳಭಾಗವನ್ನೂ ತಣ್ಣೀರಿನಿಂದ ಒದ್ದೆಮಾಡಿ, ಮೆಲ್ಲನೆ ಗಾಳಿ ಹಾಕಬೇಕು. ಮಂಜುಗಡ್ಡೆಯ ನೀರು ಕೂಡದು. ಬಾಯಿಗೆ ಬಲವಂತವಾಗಿ ನೀರು ಹೊಯ್ದರೆ ಅದು ಶ್ವಾಸನಾಳವನ್ನು ಸೇರಬಹುದು; ತಾನಾಗಿ ಕುಡಿಯುವಂತೆ ಮುಂದಿಡಬೇಕು. ಬಳಿಕ, ಹಕ್ಕಿ ಚೇತರಿಸಿಕೊಂಡಂತೆ ಕಂಡರೂ, ಪಶುವೈದ್ಯರಿಗೆ ತೋರಿಸಬೇಕು.

ಕೊಂಬೆಯಿಂದ ಕೊಂಬೆಗೆ ಹಾರಿ ತಂಪನ್ನು ಹುಡುಕಿಕೊಳ್ಳುವ ಶಕ್ತಿ ಹಕ್ಕಿಗೆ ಸಹಜವಾಗಿಯೇ ಇದೆ. ಪಂಜರದ ಬಾಗಿಲು ಮುಚ್ಚಿದವರು ಆ ಹುಡುಕಾಟದ ಹೊಣೆಯನ್ನೂ ತಾವೇ ಹೊರಬೇಕು.