ಜೋಡಿ ಶ್ರವಣಯಂತ್ರಗಳೂ ನಿಸ್ತಂತು ಸಂಪರ್ಕವೂ

ಕಳೆದ ವರ್ಷ ನಮ್ಮ ಏಳನೆಯ ತರಗತಿಗೆ ಸೇರಿದ ಬಾಲಕನೊಬ್ಬನು ಎರಡೂ ಕಿವಿಗಳ ಹಿಂದೆ ಗೋಡಂಬಿಯ ಆಕಾರದ ಎರಡು ಸಣ್ಣ ಯಂತ್ರಗಳನ್ನು ಧರಿಸಿ ಬರುತ್ತಿದ್ದನು. ಜನರು ಆಡುಮಾತಿನಲ್ಲಿ ಕಿವಿ ಮಶೀನು ಎನ್ನುವ ಶ್ರವಣಯಂತ್ರಗಳು ಅವು. “ಸರ್, ಇಂವ ಪಾಠದಾಗ ಹಾಡು ಕೇಳತಾನ್ರಿ” ಎಂದು ಕೆಲವರು ದೂರು ತಂದರು. ಆ ಯಂತ್ರಗಳು ಮೊಬೈಲಿಗೆ ಜೋಡಣೆಯಾಗುತ್ತವೆ ಎಂಬುದು ಅವರಿಗೆ ಹೇಗೋ ತಿಳಿದಿತ್ತು. ಆ ಮಾತು ಸುಳ್ಳಲ್ಲ. ದೂರು ಮಾತ್ರ ಸುಳ್ಳು.

ಅದೇ ವಾರ ಅವನ ತಾಯಿ ಬಂದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಮೈಕನ್ನು ನಮ್ಮ ಕೈಗಿತ್ತು, “ಸರ್, ಪಾಠಾ ಹೇಳೋ ಮುಂದ ಇದನ್ನ ಕೊರಳಾಗ ಹಾಕ್ಕೋರಿ” ಎಂದು ಬೇಡಿಕೊಂಡರು. ಕೊರಳಿನಲ್ಲಿ ಏನನ್ನೋ ತೂಗಹಾಕಿಕೊಂಡು ಪದ್ಯ ಹೇಳುವುದು ನಮಗೆ ಸಂಕೋಚವೆನಿಸಿತು. ಯಂತ್ರವಿದ್ದ ಮೇಲೆ ಕೇಳಿಸಲೇಬೇಕಲ್ಲ ಎಂದುಕೊಂಡು ಅದನ್ನು ಮೇಜಿನ ಖಾನೆಯಲ್ಲಿ ಹದಿನೈದು ದಿನ ಇಟ್ಟೆವು. ಅಷ್ಟರಲ್ಲಿ ಉಕ್ತಲೇಖನ ಬಂದಿತು. ಆ ಬಾಲಕನು ‘ಕತ್ತೆ’ ಎಂದುದನ್ನು ‘ಪತ್ತೆ’ ಎಂದೂ, ‘ತಟ’ ಎಂದುದನ್ನು ‘ಪಟ’ ಎಂದೂ, ‘ಶಾಲು’ ಎಂದುದನ್ನು ‘ಸಾಲು’ ಎಂದೂ ಬರೆದಿದ್ದನು. ಇಪ್ಪತ್ತಕ್ಕೆ ಒಂಬತ್ತು ಗುಣ ಹಾಕಿ, ‘ಲಕ್ಷ್ಯ ಸಾಲದು’ ಎಂದು ಕೆಂಪು ಶಾಯಿಯಲ್ಲಿ ಬರೆದೆವು.

ಲಕ್ಷ್ಯ ಸಾಲದೆ ಇದ್ದುದು ನಮ್ಮದು. ಏಕೆಂಬುದನ್ನು ವಿದ್ಯಾರ್ಥಿಗಳಾದ ನೀವೂ ತಿಳಿಯಬೇಕು.

ಮಾತಿನಲ್ಲಿ ಸ್ವರಗಳ ಧ್ವನಿ ಬಲವಾದುದು. ಕ, ತ, ಪ, ಸ, ಶ ಮೊದಲಾದ ವ್ಯಂಜನಗಳದು ಕ್ಷೀಣವಾದುದು. ಕಿವಿಯ ಶಕ್ತಿ ಕುಂದಿದವರಲ್ಲಿ ಅನೇಕರಿಗೆ ಮೊದಲು ತಪ್ಪಿಹೋಗುವುದು ಈ ಕ್ಷೀಣ ಧ್ವನಿಗಳೇ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಶ್ರವಣಯಂತ್ರವು ಧ್ವನಿಯನ್ನು ಹೆಚ್ಚಿಸಿಕೊಡುವುದೇನೋ ನಿಜ. ಆದರೆ ಕಿಟಕಿಯಾಚೆ ಡೊಂಬಿವಲಿಯಿಂದ ಕಲ್ಯಾಣದ ಕಡೆಗೆ ವೇಗದ ಲೋಕಲ್ ಗಾಡಿ ಧಾವಿಸಿದರೆ ಅದರ ಗದ್ದಲವನ್ನೂ ಅದು ಹೆಚ್ಚಿಸುತ್ತದೆ. ಮೇಲಾಗಿ ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳ ಪ್ರತಿಧ್ವನಿ ಸೇರಿ ಲೆಕ್ಕ ಬೇರೆಯಾದರೂ ಕಡೆಯ ಬೆಂಚಿನ ಕಷ್ಟ ತಪ್ಪದು. ಮೈಕು ನಮ್ಮ ಬಾಯಿಯಿಂದ ಗೇಣುದ್ದದಲ್ಲಿದ್ದರೆ ಅದಕ್ಕೆ ನಮ್ಮ ಮಾತು ಬಲವಾಗಿಯೂ ಗಾಡಿಯ ಗದ್ದಲ ಸಣ್ಣದಾಗಿಯೂ ಕೇಳಿಸುತ್ತದೆ. ಆ ಮಾತನ್ನು ಅದು ರೇಡಿಯೋ ತರಂಗಗಳ ಮೇಲೇರಿಸಿ ನೇರವಾಗಿ ಯಂತ್ರಗಳಿಗೆ ಕಳುಹಿಸುತ್ತದೆ. ಬಾಲಕನು ಎಲ್ಲಿ ಕುಳಿತರೂ ಗುರುವಿನ ಬಾಯಿಯ ಬಳಿ ಕುಳಿತಂತೆಯೇ ಸರಿ.

ಈ ತರಂಗಗಳು ೧೮೯೫ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ಗಂಟೆ ಬಾರಿಸಿ ತೋರಿಸಿದ ಅದೃಶ್ಯ ತರಂಗಗಳ ಬಳಗದವೇ. ಮೊಬೈಲಿನೊಡನೆ ಮಾತನಾಡುವ ಬ್ಲೂಟೂತ್ ಪದ್ಧತಿಯಲ್ಲಿ ಅವು ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸುತ್ತವೆ. ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ ೧೯೯೪ರಲ್ಲಿ ಇದರ ಕೆಲಸ ಮೊದಲಾಯಿತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ಅರಸನ ಅಡ್ಡಹೆಸರು ಇದಕ್ಕೆ ಅಂಟಿಕೊಂಡಿತು. ‘ನೀಲಿ ಹಲ್ಲು’ ಎಂದು ಕೇಳಿ ನೀವು ನಗುವುದು ಸಹಜ. ಮೂಲ ಪದ್ಧತಿಯಲ್ಲಿ ೭೯ ಹಾದಿಗಳಿದ್ದು, ಸಂದೇಶವು ಸೆಕೆಂಡಿಗೆ ೧೬೦೦ ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಿಗಿತದ ಕ್ರಮವು ಪರಿಚಯ ಮಾಡಿಕೊಂಡ ಎರಡು ಸಾಧನಗಳಿಗೆ ಮಾತ್ರ ಗೊತ್ತು. ಸಾವಿರ ಮೊಬೈಲುಗಳಿರುವ ಠಾಣೆ ನಿಲ್ದಾಣದಲ್ಲಿಯೂ ಯಂತ್ರವು ತನ್ನ ಮೊಬೈಲನ್ನೇ ಕೇಳುವುದು ಹೀಗೆ.

ಇನ್ನು ಎರಡು ಯಂತ್ರಗಳು ತಮ್ಮತಮ್ಮೊಳಗೆ ಮಾತನಾಡುವ ಬಗೆ. ನಮಗೆ ಬಹಳ ಹಿಡಿಸಿದ ಭಾಗ ಇದು. ಎರಡು ಕಿವಿಗಳ ನಡುವಿನ ಅಂತರ ಒಂದು ಗೇಣಿಗೆ ಹತ್ತಿರ; ಆದರೂ ಬ್ಲೂಟೂತಿನ ತರಂಗಗಳಿಗೆ ಅದನ್ನು ದಾಟುವುದು ಕಷ್ಟ. ಏಕೆಂದರೆ ತಲೆಯ ಬಹುಭಾಗ ನೀರು, ನೀರು ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅನೇಕ ಯಂತ್ರಗಳಲ್ಲಿ ಬಹು ಕಡಿಮೆ ಕಂಪನಗಳ ಕಾಂತಕ್ಷೇತ್ರವನ್ನು ಬಳಸುತ್ತಾರೆ. ಅದು ಮಾಂಸ, ಮೂಳೆಗಳನ್ನು ಸುಲಭವಾಗಿ ದಾಟುತ್ತದೆ. ಸ್ವಲ್ಪ ದೂರ ಹೋದೊಡನೆ ಅಡಗಿಹೋಗುತ್ತದೆ. ಬೇಕಾದುದೂ ಅಷ್ಟೇ. ೨೦೦೪ರಲ್ಲಿ ಸೀಮೆನ್ಸ್ ಕಂಪನಿಯು ಹೀಗೆ ಒಂದಕ್ಕೊಂದು ಮಾತನಾಡುವ ಜೋಡಿಯನ್ನು ಹೊರತಂದಿತು.

ಈ ಮಾತುಕತೆ ಏಕೆ ಬೇಕು? ಬಲಗಡೆಯಿಂದ ರಿಕ್ಷಾ ಬಂದರೆ ಅದರ ಸದ್ದು ಬಲಗಿವಿಗೆ ತುಸು ಬಲವಾಗಿ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಷ್ಟು ಮೊದಲು ಮುಟ್ಟುತ್ತದೆ. ಈ ಭೇದದಿಂದಲೇ ನಮಗೆ ದಿಕ್ಕು ತಿಳಿಯುವುದು. ಬಲಗಡೆಯ ಯಂತ್ರವು ‘ಗದ್ದಲ ಹೆಚ್ಚಾಯಿತು’ ಎಂದು ತಾನೊಂದೇ ಧ್ವನಿ ತಗ್ಗಿಸಿಬಿಟ್ಟರೆ ರಿಕ್ಷಾ ಎಡಗಡೆ ಇದ್ದಂತೆ ತೋರಬಹುದು. ರಸ್ತೆ ದಾಟುವ ಬಾಲಕನಿಗೆ ಇದು ಉಕ್ತಲೇಖನದ ಗುಣಗಳ ಪ್ರಶ್ನೆಯಲ್ಲ. ಎರಡೂ ಯಂತ್ರಗಳು ಪರಸ್ಪರ ಕೇಳಿ ಏರಿಳಿದರೆ ಆ ಭೇದವು ಹೆಚ್ಚು ಮಟ್ಟಿಗೆ ಉಳಿಯುತ್ತದೆ.

೨೦೨೦ರಲ್ಲಿ ಪ್ರಕಟವಾದ ಹೊಸ ಬ್ಲೂಟೂತ್ ಧ್ವನಿಪದ್ಧತಿಯಲ್ಲಿ ಇನ್ನೊಂದು ಅನುಕೂಲವಿದೆ: ಒಂದೇ ಪ್ರಸಾರವನ್ನು ಎಷ್ಟು ಯಂತ್ರಗಳು ಬೇಕಾದರೂ ಕೇಳಬಹುದು. ಕಡೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮು ಬದಲಾದ ಘೋಷಣೆ ನಿಲ್ದಾಣದಿಂದ ನೇರವಾಗಿ ಕಿವಿಗೆ ಬರುವ ದಿನವನ್ನು ನಾವು ಎದುರುನೋಡುತ್ತಿದ್ದೇವೆ.

ಇಂತಹ ಯಂತ್ರಗಳ ಬೆಲೆ ಎಲ್ಲ ಮನೆಗಳ ಕೈಗೆಟುಕುವಂತಹದಲ್ಲ. ಮೈಕಿಗೆ ಬೇರೆಯೇ ಹಣ ತೆರಬೇಕು. ಮಳೆಗಾಲದ ತೇವ, ಬೆವರು ಎರಡೂ ಇವಕ್ಕೆ ಶತ್ರುಗಳು. ಕಿವಿಯ ಪರೀಕ್ಷೆ ಬೇಕಾದವರಿಗೆ ಬಾಂದ್ರಾದಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ದಾದರಿನಲ್ಲಿ ಗಾಡಿ ಬದಲಿಸಿದರೆ ಹೋಗಬಹುದು. ಊರಿನ ಕಡೆಯವರಿಗೆ ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಕು ಇಲ್ಲದ ತರಗತಿಯಲ್ಲಿ ಅಂತಹ ಗೆಳೆಯನಿಗೆ ಮುಂದಿನ ಬೆಂಚು ಬಿಟ್ಟುಕೊಡಿರಿ, ಅವನ ಮುಖ ನೋಡಿ ಮಾತನಾಡಿರಿ. ಫಲಕದ ಕಡೆ ತಿರುಗಿ ಬರೆಯುತ್ತಲೇ ಮಾತನಾಡುವ ನಮ್ಮ ಚಾಳಿಯನ್ನು ನಾವೂ ಬಿಡುತ್ತಿದ್ದೇವೆ.

ಮೈಕು ಧರಿಸಿದ ಮೊದಲ ದಿನವೇ ಒಂದು ಪ್ರಮಾದವಾಯಿತು. ಪಾಠ ಮುಗಿಸಿ, ಅದನ್ನು ಆರಿಸಲು ಮರೆತು, ಪಕ್ಕದ ಶಿಕ್ಷಕರ ಕೋಣೆಗೆ ಹೋಗಿ ಚಹಾ ಕುಡಿಯುತ್ತ, “ಆ ಹುಡುಗನಿಗೆ ಒಂಬತ್ತು ಗುಣ ಹಾಕಿದ್ದು ನಮ್ಮ ತಪ್ಪು” ಎಂದು ಸಹೋದ್ಯೋಗಿಯೊಬ್ಬರಿಗೆ ಹೇಳಿದೆವು. ರೇಡಿಯೋ ತರಂಗಗಳಿಗೆ ಒಂದು ಗೋಡೆ ಯಾವ ಲೆಕ್ಕ! ಮುಂದಿನ ಪಾಠದ ಹೊತ್ತಿಗೆ ಬಾಲಕನು ಮೆಲ್ಲನೆ ಮೇಜಿನ ಬಳಿ ಬಂದು, “ಸರ್, ಹಂಗಾರ ಹಳೇ ಮಾರ್ಕ್ಸ್ ತಿದ್ದತೀರೇನ್ರಿ?” ಎಂದು ಕೇಳಿದನು.

ಅದೇ ಇಪ್ಪತ್ತು ಪದಗಳನ್ನು ಮೈಕು ಧರಿಸಿ ಮತ್ತೊಮ್ಮೆ ಬರೆಸಿದೆವು. ನಡುವೆ ಎರಡು ಗಾಡಿಗಳು ಹಾದುಹೋದವು. ಹದಿನೆಂಟು ಸರಿಯಾದವು, ತಪ್ಪಾದ ಎರಡೂ ಒತ್ತಕ್ಷರದ ಪದಗಳು, ಅವನ್ನು ಆ ದಿನ ತರಗತಿಯಲ್ಲಿ ಅರ್ಧದಷ್ಟು ಮಂದಿ ತಪ್ಪಿದ್ದರು.